ನಮ್ಮ ಚುಕ್ಕಿಯ ಕೀಲುನೋವಿಗೆ ಲೇಸರ್ ಥೆರಪಿ: 14 ತಿಂಗಳಾದ ಮೇಲೆ

ನಮ್ಮ ಚುಕ್ಕಿಗೆ ಈಗ 12 ವರ್ಷ. ಕಪ್ಪು ಲ್ಯಾಬ್ರಡಾರ್. ಸೊಂಟದ ಎರಡೂ ಕೀಲು ಸವೆದಿವೆ. 14 ತಿಂಗಳಿಂದ ಅವಳಿಗೆ ಲೇಸರ್ ಥೆರಪಿ, ಅಂದರೆ ನೋವಿರುವ ಜಾಗಕ್ಕೆ ಲೇಸರ್ ಬೆಳಕು ಬಿಡುವ ಚಿಕಿತ್ಸೆ, ಕೊಡಿಸುತ್ತಿದ್ದೇನೆ. ಶುರು ಮಾಡುವ ಮುಂಚೆ ನಾನು ಓದಿದ್ದೆಲ್ಲ ಎರಡು ಮೂರು ಸಲ ಮಾಡಿಸಿದವರ ಮಾತು. ವರ್ಷಗಟ್ಟಲೆ ಮಾಡಿಸಿದರೆ ಏನಾಗುತ್ತದೆ ಅಂತ ಯಾರೂ ಬರೆದಿರಲಿಲ್ಲ, ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ಉಪಯೋಗ ಆಗಿದೆ. ಆದರೆ ಅದನ್ನು ಬಿಡದೆ ಮಾಡಿಸುತ್ತಾ ಇರಬೇಕು, ಸರಿಯಾದ ಪ್ರಮಾಣದಲ್ಲಿ ಕೊಡಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ದುಡ್ಡು ದಂಡ.

ಲೇಸರ್ ಶುರು ಮಾಡುವ ಮುಂಚೆ ಬೆಳಿಗ್ಗೆ ಏಳುವುದೇ ಅವಳಿಗೆ ದೊಡ್ಡ ಕಷ್ಟವಾಗಿತ್ತು. ಮುಂಗಾಲು ಊರಿ ಎದ್ದು ಕೂರುತ್ತಿದ್ದಳು, ಹಿಂಗಾಲು ಜಾರುತ್ತಿತ್ತು, ಮತ್ತೆ ಕುಸಿಯುತ್ತಿದ್ದಳು. ದಿನಾ ನೋವಿನ ಮಾತ್ರೆ ನಡೆಯುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಅಂಕಿ ಏರುತ್ತಾ ಬಂದಾಗ ಡಾಕ್ಟರ್ ಮಾತ್ರೆ ಕಡಿಮೆ ಮಾಡಲೇಬೇಕು ಅಂದರು. ಹಾಗಂತ ಅವಳನ್ನು ನೋವಲ್ಲೇ ಬಿಡೋಕಾಗುತ್ತದಾ? ಆಗ ಬಂದಿದ್ದು ಲೇಸರ್ ಮಾತು.

ಮೊದಲು ಹೋದ ಕ್ಲಿನಿಕ್‌ನಲ್ಲಿ ಬೇಜಾರಾಯಿತು. ದಟ್ಟ ಕೂದಲಿನ ಮೇಲೆಯೇ ಪ್ರೋಬ್ (ಬೆಳಕು ಬಿಡುವ ಹಿಡಿಕೆ) ಇಟ್ಟರು, ಒಂದೇ ಜಾಗದಲ್ಲಿ ಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಚುಕ್ಕಿ ಕುಂಯ್ ಅಂತ ಪಕ್ಕಕ್ಕೆ ಸರಿದಳು. ಎರಡು ನಿಮಿಷಕ್ಕೆ ಎರಡೂ ಕೀಲು ಮುಗಿಸಿ ಕಳಿಸಿದರು. ಕಪ್ಪು ಕೂದಲು, ಕಪ್ಪು ಚರ್ಮ ಬೆಳಕನ್ನು ಜಾಸ್ತಿ ಹೀರಿ ಬೇಗ ಬಿಸಿಯಾಗುತ್ತದೆ, ಅದಕ್ಕೇ ಪ್ರೋಬ್ ಓಡಾಡಿಸುತ್ತಲೇ ಇರಬೇಕು. ಇದು ನನಗೆ ಗೊತ್ತಾಗಿದ್ದು ಆಮೇಲೆ. ನಾಲ್ಕು ಸಲ ಹೋಗಿ ಬಿಟ್ಟೆ.

ಎರಡನೇ ಕಡೆ ಸಿಕ್ಕ ಡಾಕ್ಟರ್ ಕೂತು ಲೆಕ್ಕ ಹಾಕಿ ತೋರಿಸಿದರು. ಅದನ್ನು ಇಲ್ಲೂ ಬರೆಯುತ್ತೇನೆ, ಯಾಕಂದರೆ ಎಲ್ಲ ಇರೋದು ಅದರಲ್ಲೇ. ಪ್ರಮಾಣ ಅಳೆಯುವುದು ಒಂದು ಚದರ ಸೆಂಟಿಮೀಟರಿಗೆ ಇಷ್ಟು ಜೂಲ್ ಅಂತ, ಜೂಲ್ ಅಂದರೆ ಶಕ್ತಿಯ ಅಳತೆ. ಸೊಂಟದಂಥ ಆಳದ ಕೀಲಿಗೆ ಸುಮಾರು 8 ರಿಂದ 10 ಜೂಲ್ ಬೇಕು, ಮೇಲಿನ ಗಾಯಕ್ಕೆ ಅಷ್ಟು ಬೇಡ. ಒಂದು ಕೀಲಿನ ಸುತ್ತ 100 ಚದರ ಸೆಂಟಿಮೀಟರ್ ಇದ್ದರೆ, 10 ಜೂಲ್‌ನಂತೆ ಒಟ್ಟು 1000 ಜೂಲ್. ಒಂದು ವಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್, ಹಾಗಾಗಿ 5 ವಾಟ್‌ನ ಯಂತ್ರವಾದರೆ 200 ಸೆಕೆಂಡು. ಅರ್ಧ ವಾಟ್‌ನ ಯಂತ್ರವಾದರೆ 2000 ಸೆಕೆಂಡು, ಅಂದರೆ ಅರ್ಧ ಗಂಟೆಗೂ ಜಾಸ್ತಿ, ಅದೂ ಒಂದೇ ಕಡೆಗೆ. ಲೇಸರ್ ಎಷ್ಟು ಜೋರಿನದು ಅಂತ ವಿಂಗಡಿಸುವಾಗ ಅರ್ಧ ವಾಟ್‌ವರೆಗಿನ ಯಂತ್ರವನ್ನು ಕ್ಲಾಸ್ 3ಬಿ, ಅದಕ್ಕಿಂತ ಮೇಲಿನದನ್ನು ಕ್ಲಾಸ್ 4 ಅನ್ನುತ್ತಾರೆ. ಜಾಸ್ತಿ ಕೊಟ್ಟರೆ ಜಾಸ್ತಿ ಗುಣ ಅಂತಲೂ ಇಲ್ಲ, ಅತಿಯಾದರೆ ಪರಿಣಾಮ ಇಳಿಯುತ್ತದೆ. ಇದನ್ನು ಕೇಳಿದ ಮೇಲೆ ಮೊದಲಿನ ಕ್ಲಿನಿಕ್‌ನ ಎರಡು ನಿಮಿಷ ನೆನಪಾಗಿ ಹೊಟ್ಟೆ ಉರಿಯಿತು.

ಬೆಳಕು ನೋವನ್ನು ಹೇಗೆ ಕಡಿಮೆ ಮಾಡುತ್ತದೆ ಅನ್ನೋದು ನನಗೂ ಮೊದಲು ನಂಬೋಕೆ ಕಷ್ಟವಾಗಿತ್ತು. ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕನ್ನು, ತರಂಗದ ಉದ್ದ ಹೆಚ್ಚುಕಡಿಮೆ 600 ರಿಂದ 1000 ನ್ಯಾನೋಮೀಟರ್ ಒಳಗಿನದನ್ನು, ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗವಾದ ಮೈಟೋಕಾಂಡ್ರಿಯದಲ್ಲಿರುವ ಒಂದು ಕಿಣ್ವ ಹೀರಿಕೊಳ್ಳುತ್ತದೆ. ಅದರಿಂದ ಕೋಶಕ್ಕೆ ಶಕ್ತಿ ಹೆಚ್ಚುತ್ತದೆ, ರಕ್ತದ ಓಡಾಟ ಹೆಚ್ಚುತ್ತದೆ, ಊತ ಇಳಿಯುತ್ತದೆ ಅನ್ನುವುದು ಸದ್ಯದ ವಿವರಣೆ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಲೇಸರಿನಿಂದ ಕ್ಯಾನ್ಸರ್ ಬರುತ್ತದಾ ಅಂತ ಬೋಳಿಸಿದ ಇಲಿಗಳ ಮೇಲೆ ಬೆಳಕು ಬಿಟ್ಟು ನೋಡಿದ. ಕ್ಯಾನ್ಸರ್ ಬರಲಿಲ್ಲ, ಕೂದಲು ಬೇಗ ಬೆಳೆಯಿತು. ಈ ಚಿಕಿತ್ಸೆಯ ಕಥೆ ಶುರುವಾಗಿದ್ದು ಅಲ್ಲಿಂದ.

ನಮ್ಮದು ಮೊದಲ ವಾರ ಮೂರು ಸಲ, ಎರಡನೇ ವಾರ ಎರಡು ಸಲ, ಆಮೇಲೆ ವಾರಕ್ಕೊಂದು, ಈಗ ಮೂರು ವಾರಕ್ಕೊಂದು. ಸೊಂಟದ ಮೇಲಿನ ಕೂದಲನ್ನು ಸಣ್ಣಗೆ ಕತ್ತರಿಸುತ್ತಾರೆ. ಬೆಚ್ಚಗಾಗುತ್ತದೋ ಏನೋ, ಅರ್ಧಕ್ಕೇ ತಲೆ ಇಳಿಸಿ ಮಲಗಿಬಿಡುತ್ತಾಳೆ. ಐದನೇ ಸಲದವರೆಗೆ ನನಗೆ ಏನೂ ಕಾಣಲಿಲ್ಲ. ಆಮೇಲೊಂದು ಬೆಳಿಗ್ಗೆ ಎರಡನೇ ಪ್ರಯತ್ನಕ್ಕೇ ಎದ್ದು ನಿಂತಳು.

ಆದರೆ ನಮ್ಮ ಕಣ್ಣನ್ನು ಪೂರ್ತಿ ನಂಬೋಕಾಗಲ್ಲ. ಗುಣವಾಗಲಿ ಅಂತ ಮನಸ್ಸು ಬಯಸುತ್ತಿರುವಾಗ ನಡಿಗೆ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಅದಕ್ಕೆ ಪ್ರತಿ ಭಾನುವಾರ ಅವಳು ಏಳುವುದನ್ನು ವಿಡಿಯೊ ಮಾಡಿಟ್ಟೆ. ಎಂಟನೇ ತಿಂಗಳಲ್ಲಿ ನಾವು ಊರಲ್ಲಿರಲಿಲ್ಲ, ಆರು ವಾರ ಲೇಸರ್ ತಪ್ಪಿತು. ನಾಲ್ಕನೇ ವಾರಕ್ಕೆ ಹಿಂಗಾಲು ಮತ್ತೆ ಜಾರತೊಡಗಿತು. ಆ ಹೊತ್ತಿಗೆ ಅವಳ ತೂಕ 3 ಕಿಲೋ ಇಳಿಸಿದ್ದೆವು, ನೆಲಕ್ಕೆಲ್ಲ ಚಾಪೆ ಹಾಸಿದ್ದೆವು. ಊರಿಗೆ ಹೋದಾಗಲೂ ಅದೇ ಚಾಪೆ, ಅದೇ ಊಟದ ಅಳತೆ, ಮಾತ್ರೆಯೂ ಅಷ್ಟೇ. ಬದಲಾಗಿದ್ದು ಲೇಸರ್ ಒಂದೇ. ವಾಪಸ್ ಬಂದು ಮತ್ತೆ ಶುರು ಮಾಡಿದೆ, ಮೂರು ವಾರದಲ್ಲಿ ಸುಧಾರಿಸಿದಳು. ತಾರೀಕು ಹೇಳದೆ ಅಮ್ಮನಿಗೆ ಹತ್ತು ವಿಡಿಯೊ ತೋರಿಸಿ, ಯಾವುದರಲ್ಲಿ ಜಾಸ್ತಿ ನೋವಿದ್ದ ಹಾಗಿದೆ ಅಂತ ಕೇಳಿದೆ. ಅಮ್ಮ ಆರಿಸಿದ ಮೂರೂ ಆ ಆರು ವಾರದವೇ. ನನಗೆ ನಿಜವಾಗಿ ನಂಬಿಕೆ ಬಂದಿದ್ದು ಅವತ್ತು.

ಮೊಣಕೈ ಕೀಲು ಸವೆದ 20 ನಾಯಿಗಳ ಮೇಲೆ ಮಾಡಿದ ಒಂದು ಅಧ್ಯಯನ 2018ರಲ್ಲಿ ಬಂತು. ಯಾರಿಗೆ ನಿಜವಾದ ಲೇಸರ್, ಯಾರಿಗೆ ಸುಳ್ಳು ಲೇಸರ್ ಅಂತ ಗೊತ್ತಾಗದ ಹಾಗೆ ಮಾಡಿದ್ದು. ನಿಜವಾದದ್ದು ಸಿಕ್ಕ ನಾಯಿಗಳ ಕುಂಟು ಕಡಿಮೆಯಾಯಿತು, ಮಾತ್ರೆಯೂ ಕಡಿಮೆ ಸಾಕಾಯಿತು. 20 ನಾಯಿ ಅಂದರೆ ಚಿಕ್ಕ ಸಂಖ್ಯೆ, ನಿಜ. ಗಾಯದ ವಿಷಯದಲ್ಲಿ ಫಲಿತಾಂಶಗಳು ಒಂದೇ ಥರ ಇಲ್ಲ. ಚುಕ್ಕಿಯ ಪಾದಕ್ಕೆ ಗಾಜು ಚುಚ್ಚಿದಾಗಲೂ ಲೇಸರ್ ಕೊಟ್ಟರು, ಬೇಗ ಮಾಯಿತು, ಆದರೆ ದಿನಾ ಶುಚಿ ಮಾಡಿ ಪಟ್ಟಿಯನ್ನೂ ಕಟ್ಟುತ್ತಿದ್ದೆವು. ಹಾಗಾಗಿ ಅದನ್ನು ಲೇಸರ್ ಲೆಕ್ಕಕ್ಕೆ ಹಾಕಲ್ಲ.

ಒಂದು ವಿಷಯ ಮಾತ್ರ ದಯವಿಟ್ಟು ಮರೀಬೇಡಿ. ಮೈಮೇಲೆ ಗಂಟು ಇದ್ದರೆ ಮೊದಲೇ ಹೇಳಿ. ಚುಕ್ಕಿಯ ತೊಡೆಯ ಹತ್ತಿರ ಒಂದಿತ್ತು, ಸೂಜಿ ಹಾಕಿ ಪರೀಕ್ಷಿಸಿ ಬರೀ ಕೊಬ್ಬಿನ ಗಂಟು ಅಂತ ಖಾತ್ರಿಯಾದ ಮೇಲೆಯೇ ಶುರು ಮಾಡಿದ್ದು. ಕ್ಯಾನ್ಸರ್ ಗಡ್ಡೆಯ ಮೇಲೆ, ಗಬ್ಬದ ಹೊಟ್ಟೆಯ ಮೇಲೆ ಇದನ್ನು ಬಿಡುವಂತಿಲ್ಲ. ಕೋಣೆಯಲ್ಲಿ ಇರುವವರೆಲ್ಲ ಆ ಯಂತ್ರದ ಬೆಳಕಿಗೆ ತಕ್ಕ ಕನ್ನಡಕ ಹಾಕಬೇಕು, ನಾಯಿಯ ಕಣ್ಣನ್ನೂ ಮುಚ್ಚಬೇಕು. ಇನ್‌ಫ್ರಾರೆಡ್ ಕಣ್ಣಿಗೆ ಕಾಣುವುದೇ ಇಲ್ಲ, ಹಾನಿ ಮಾತ್ರ ಮಾಡುತ್ತದೆ. ಕನ್ನಡಕ ಕೊಡದ ಜಾಗದಲ್ಲಿ ನಾನಂತೂ ನಿಲ್ಲಲ್ಲ.

ಈಗ ಮಾತ್ರೆ ಅರ್ಧಕ್ಕೆ ಇಳಿದಿದೆ, ಅದೂ ಡಾಕ್ಟರ್ ರಕ್ತ ಪರೀಕ್ಷೆ ನೋಡಿಕೊಂಡು ನಿಧಾನಕ್ಕೆ ಇಳಿಸಿದ್ದು. ಕಿಡ್ನಿಯ ಅಂಕಿ ಏರುವುದು ನಿಂತಿದೆ. ಬೆಳಿಗ್ಗೆ ಹೆಚ್ಚಿನ ದಿನ ಒಂದೇ ಸಲಕ್ಕೆ ಏಳುತ್ತಾಳೆ, ಬಾಲ ಅಲ್ಲಾಡಿಸುತ್ತಾ ಬಾಗಿಲ ತನಕ ಬರುತ್ತಾಳೆ. ಮೆಟ್ಟಿಲು ಮಾತ್ರ ಈಗಲೂ ಹತ್ತಲ್ಲ, ನಾವೇ ಎತ್ತಿಕೊಂಡು ಹೋಗುತ್ತೇವೆ.