ಹಮ್ ಹೋಯ್ತು ಅಂತ ಖುಷಿಪಟ್ಟೆ, ತುಟಿಗೆ ಕರೆಂಟ್ ಹೊಡೀತು

ಗಿಟಾರ್ ಪೆಡಲ್ (ಕಾಲಲ್ಲಿ ಒತ್ತಿ ಸದ್ದು ಬದಲಾಯಿಸೋ ಡಬ್ಬಿ) ಇಟ್ಕೊಂಡು ನುಡಿಸೋರೆಲ್ಲ ದಯವಿಟ್ಟು ಓದಿ. ಹಮ್ (ಸ್ಪೀಕರಲ್ಲಿ ಗುಂಯ್ ಅನ್ನೋ ಸದ್ದು) ಬರ್ತಿದೆ ಅಂದಾಗ ಯಾರಾದ್ರೂ "ಆಂಪ್ (ಗಿಟಾರ್ ಆಂಪ್ಲಿಫಯರ್) ಪ್ಲಗ್ಗಿಂದ ಅರ್ಥಿಂಗ್ ತೆಗ್ದುಬಿಡೋಣ" ಅಂದ್ರೆ ಆಂಪ್ ಎತ್ಕೊಂಡು ಅಲ್ಲಿಂದ ಹೊರಟುಬಿಡಿ. ನಾನು ಹೊರಡ್ಲಿಲ್ಲ.

ನಾವಿರೋದು ಮುಂಬೈ ಹತ್ರದ ಡೊಂಬಿವ್ಲಿ. ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಸ್ಟೀರಿಯೋ ಡಿಲೇ ಪೆಡಲ್ (ಎಕೋ ಕೊಡೋದು) ತಗೊಂಡೆ, ಒಂದು ಔಟ್ ಆಂಪಿಗೆ, ಇನ್ನೊಂದು ಸೌಂಡ್ ಮಿಕ್ಸರ್‌ಗೆ ಹಾಕ್ದೆ. ಅವತ್ತಿಂದ ಶುರು ನೋಡಿ, ಸೊಸೈಟಿ ನೀರಿನ ಪಂಪ್ ಆನ್ ಮಾಡ್ದಂಗೆ ಗುಂಯ್ ಅಂತ ಒಂದು, ಅದ್ರ ಮೇಲೆ ಕಿವಿ ಹತ್ರ ಸೊಳ್ಳೆ ಬಂದಂಗೆ ಕುಂಯ್ ಅಂತ ಇನ್ನೊಂದು. ಎರಡೂ ಬೇರೆ ಬೇರೆ ರೋಗ ಅಂತ ಆಗ ನಂಗೆ ಹೊಳೀಲೇ ಇಲ್ಲ. ಮುಂಬೈನ ಲ್ಯಾಮಿಂಗ್ಟನ್ ರೋಡ್ ಕಡೆ ಒಂದು ರಿಪೇರಿ ಅಂಗಡಿಗೆ ಎಲ್ಲಾ ಹೊತ್ಕೊಂಡು ಹೋದೆ, ಸ್ಲೋ ಲೋಕಲಲ್ಲಿ, ಆಂಪ್ ತೊಡೆ ಮೇಲೆ. ಅಂಗಡಿಯವನು ಪೆಡಲಲ್ಲಿ ಐಸಿ (ಚಿಪ್) ಹೋಗಿದೆ ಅಂದ, ಬದಲಾಯಿಸ್ದ, 1800 ರೂಪಾಯಿ ತಗೊಂಡ, ಆದ್ರೂ ಗುಂಯ್ ಹೋಗ್ಲಿಲ್ಲ. ಆಗ ಆಂಪಿನ ತ್ರೀ ಪಿನ್ ಬಿಚ್ಚಿ ಹಸಿರು ವೈರ್ ಕಟ್ ಮಾಡಿ "ಅಬ್ ಮಸ್ತ್ ಚಲೇಗಾ" ಅಂದ. ನಿಜಕ್ಕೂ ಗುಂಯ್ ನಿಂತ್ಹೋಯ್ತು. ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದೆ!

ಗಣಪತಿ ಹಬ್ಬಕ್ಕೆ ನಮ್ಮ ಕನ್ನಡದವ್ರ ಪೆಂಡಾಲಲ್ಲಿ ಪ್ರೋಗ್ರಾಂ. ಮಳೆ ಸುರೀತಿತ್ತು, ಸ್ಟೇಜಿನ ಪ್ಲೈವುಡ್ಡೆಲ್ಲ ಒದ್ದೆ, ದೇವ್ರ ಮುಂದೆ ಅಂತ ಎಲ್ರೂ ಬರಿಗಾಲು. ಅವತ್ತು ಪೆಡಲಿಂದ ಮಿಕ್ಸರ್‌ಗೆ ಲೈನ್ ಕೊಟ್ಟಿರ್ಲಿಲ್ಲ, ಆಂಪ್ ಮುಂದೆ ಒಂದು ಮೈಕ್ ಇಟ್ಟಿದ್ರು ಅಷ್ಟೆ. ಎಡಗೈ ತಂತಿ ಮೇಲೆ ಇದ್ದಂಗೇ ಹಾಡಕ್ಕೆ ಬಗ್ಗಿ ಹಾಡೋ ಮೈಕಿಗೆ ತುಟಿ ತಾಗ್ತು ನೋಡಿ, ಹಲ್ಲಿಗೇ ಸುತ್ತಿಗೇಲಿ ಹೊಡೆದಂಗಾಯ್ತು. ಹಿಂದಕ್ಕೆ ಬಿದ್ದೆ. ಜನ ಸ್ಟೈಲ್ ಅಂದ್ಕೊಂಡು ಶಿಳ್ಳೆ ಹೊಡೆದ್ರು.

ನಮ್ಮ ಚಿಕ್ಕಪ್ಪ ವೈರಿಂಗ್ ಕೆಲ್ಸದವ್ರು, ಅಲ್ಲೇ ಇದ್ರು. ಮೀಟರ್ ತಂದು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿದ್ರು. 92 ವೋಲ್ಟ್. "ಇದು ಬರೀ ಲೀಕೇಜು ಕಣೋ, ಒಳಗೆ ಲೈವ್ ವೈರ್ ಆಂಪಿನ ಲೋಹದ ಬಾಡಿಗೆ ತಾಗಿದ್ರೆ ಪೂರ್ತಿ 230 ಬರ್ತಿತ್ತು, ನಿಮ್ಮಪ್ಪಂಗೆ ಏನ್ ಹೇಳ್ಲಿ ನಾನು" ಅಂತ ಎಲ್ರೆದುರು ಬೈದ್ರು. ಗಿಟಾರ್ ತಂತಿ ಬ್ರಿಡ್ಜ್ (ತಂತಿ ಕೂರೋ ಲೋಹದ ಭಾಗ) ಮೂಲಕ ಆಂಪ್ ಬಾಡಿಗೇ ಸೇರಿರುತ್ತೆ, ಬಾಡಿಗೆ ಅರ್ಥ್ ಇಲ್ಲ, ಮೈಕಿಗೆ ಮಿಕ್ಸರ್ ಕಡೆಯಿಂದ ಅರ್ಥ್ ಇದೆ, ನಡುವೆ ನಾನು. ಮನೇಲಿ ಇಷ್ಟು ದಿನ ಯಾಕೆ ಹೊಡೀಲಿಲ್ಲ ಅಂದ್ರೆ ಮಿಕ್ಸರ್‌ಗೆ ಹೋಗೋ ಆ ಸಣ್ಣ ಕೇಬಲ್ಲೇ ಅರ್ಥ್ ಕೆಲ್ಸ ಮಾಡ್ತಿತ್ತಂತೆ. 1972ರಲ್ಲಿ ಬ್ರಿಟನ್ನಿನ ಸ್ವಾನ್‌ಸೀಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ ಸ್ಟೇಜ್ ಮೇಲೇ ಸತ್ತಿದ್ದು ಅರ್ಥ್ ಇಲ್ಲದ ಮೈಕ್ ಮುಟ್ಟಿ. ಆಮೇಲೆ ಓದ್ದೆ, ಆ ರಾತ್ರಿ ನಿದ್ದೆ ಬರ್ಲಿಲ್ಲ.

ಮಾರನೇ ದಿನ ಹಸಿರು ವೈರ್ ವಾಪಸ್ ಹಾಕಿದ್ವಿ, ಗುಂಯ್ ವಾಪಸ್ ಬಂತು. ಈ ಸಲ ಸರಿಯಾಗಿ ಹುಡುಕಿದ್ವಿ. ಎಲ್ಲಾ ಪೆಡಲ್ ತೆಗೆದು ಗಿಟಾರ್ ನೇರ ಆಂಪಿಗೆ ಹಾಕಿದ್ರೆ ಸದ್ದಿಲ್ಲ. ಓವರ್‌ಡ್ರೈವ್ (ಸದ್ದಿಗೆ ಒರಟುತನ ಕೊಡೋ ಪೆಡಲ್) ಒಂದನ್ನೇ 9 ವೋಲ್ಟ್ ಬ್ಯಾಟರೀಲಿ ಹಾಕಿದ್ರೂ ಸದ್ದಿಲ್ಲ. ಅದನ್ನ ಡಿಲೇ ಜೊತೆ ಒಂದೇ ಅಡಾಪ್ಟರಿನ ಡೈಸಿ ಚೈನಿಗೆ (ಹಲವು ಪೆಡಲಿಗೆ ಪವರ್ ಹಂಚೋ ವೈರ್) ಹಾಕಿದ ತಕ್ಷಣ ಸೊಳ್ಳೆ ಹಾಜರ್, ಡಿಜಿಟಲ್ ಡಿಲೇ ಪೆಡಲಿನ ಒಳಗಿರೋ ಕ್ಲಾಕ್ ಸರ್ಕ್ಯೂಟಿನ ಸದ್ದು ಪವರ್ ವೈರ್ ಮೂಲಕ ಪಕ್ಕದ ಪೆಡಲಿಗೆ ನುಗ್ತಿತ್ತು. ಡಿಲೇಗೆ ಬೇರೆ ಅಡಾಪ್ಟರ್ ಕೊಟ್ಟಾಗ ಮಾಯ (ನಡುವಿನ ಪಿನ್ ನೆಗೆಟಿವ್ ಇರೋದೇ ಬೇಕು, ರೌಟರ್ ಅಡಾಪ್ಟರ್ ಚುಚ್ಚಿ ಪೆಡಲ್ ಸುಟ್ಕೋಬೇಡಿ). ಗುಂಯ್ ಬರ್ತಿದ್ದು ಮಿಕ್ಸರ್ ಕೇಬಲ್ ಚುಚ್ಚಿದಾಗ ಮಾತ್ರ. ಆಂಪ್ ಒಂದು ಗೋಡೇಲಿ, ಮಿಕ್ಸರ್ ಇನ್ನೊಂದು ಗೋಡೇಲಿ, ಎರಡು ಅರ್ಥ್ ಸೇರಿ ಗ್ರೌಂಡ್ ಲೂಪ್, ಅದ್ರಲ್ಲಿ ನಮ್ಮ ಲೈನಿನ 50 ಹರ್ಟ್ಜ್ ಸುತ್ತು ಹಾಕ್ತಿತ್ತು. ಎರಡನ್ನೂ ಒಂದೇ ಬೋರ್ಡಿಗೆ ತಂದಾಗ ಮುಕ್ಕಾಲು ಪಾಲು ಹೋಯ್ತು, ಉಳಿದಿದ್ದು ಮಿಕ್ಸರ್ ಲೈನಿಗೆ ಡಿಐ ಬಾಕ್ಸ್ (ಸಿಗ್ನಲನ್ನ ಮಿಕ್ಸರಿಗೆ ಹೊಂದಿಸೋ ಡಬ್ಬಿ) ಹಾಕಿ ಅದ್ರ ಗ್ರೌಂಡ್ ಲಿಫ್ಟ್ ಸ್ವಿಚ್ಚು ಒತ್ತಿದಾಗ. ಆ ಸ್ವಿಚ್ಚು ಸಿಗ್ನಲ್ ಕೇಬಲ್ಲಿನ ಗ್ರೌಂಡ್ ಮಾತ್ರ ಬಿಡಿಸುತ್ತೆ, ಗೋಡೆಯ ಅರ್ಥ್ ಮುಟ್ಟಲ್ಲ.

1800 ಅಂತೂ ಹೋಯ್ತು. ಗೇನ್ ಏರಿಸಿದ್ರೆ ಈಗ್ಲೂ ಸ್ವಲ್ಪ ಸ್ಸ್ ಅನ್ನುತ್ತೆ, ಅಷ್ಟು ಇದ್ರೆ ಇರ್ಲಿ ಅಂತ ಬಿಟ್ಟಿದೀನಿ. ಮೈಕ್ ಮಾತ್ರ ಮೊದ್ಲು ತಂತಿಯಿಂದ ಮುಟ್ಟಿಸಿ ನೋಡ್ತೀನಿ, ಆಮೇಲೆ ತುಟಿ.