"ಹಳೆ ಸೀರಿಗೇನು ರೊಕ್ಕ" ಅಂದು ಕೆಟ್ಟೆ, ನೀವು ಅನಬ್ಯಾಡ್ರಿ

ಪುಣೆದಾಗ ಮನ್ಯಾಗ ಕುಂತು, ಹಳೆ ಸೀರಿ ಪದರ ಹಾಸಿ ಕೌದಿ ಹೊಲಿದು ಮಾರೋ ನಮ್ಮ ಕಡೆ ಹೆಣ್ಣುಮಕ್ಕಳು ಬಹಳ ಮಂದಿ ಅದೀರಿ. ಅದಕ್ಕ ನಾಚಿಕಿ ಬಿಟ್ಟು ಬರ್ಯಾಕತ್ತೀನಿ. ನಾಲ್ಕು ದಿನ ಆತು, ನಿದ್ದಿ ಹತ್ತವಲ್ದು. ಸಿಟ್ಟು ಅರ್ಧ ನನ್ನ ಕೌದಿ ತಗೊಂಡ ಅಂಗಡಿಯಾಕಿ ಮ್ಯಾಲ, ಅರ್ಧ ನನ್ನ ಮ್ಯಾಲ.

ದೀಪಾವಳಿಕಿಂತ ಮುಂಚೆ ಒಬ್ಬಾಕಿ ಮನಿಗೆ ಬಂದ್ಲು. ಕೋರೆಗಾಂವ್ ಪಾರ್ಕ್ ಕಡೆ ಅಂಗಡಿ, ಮೂಲ ನಮ್ಮ ಬಾಗಲಕೋಟಿ ಕಡೆಯಾಕಿನ. "ಕಾಕು, ಕಾಕು" ಅನಕೋತ ಚಾ ಕುಡದ್ಲು, ಕೌದಿ ಮ್ಯಾಲ ಕೈ ಆಡಿಸಿದ್ಲು, "ಎಷ್ಟು ದಿನ ಹಿಡೀತೈತಿ, ದಿನಕ್ಕ ಎಷ್ಟು ತಾಸು ಕುಂಡ್ರತೀರಿ" ಅಂತ ಎಲ್ಲಾ ಕೇಳಿದ್ಲು. ಕಡೀಕ ರೇಟು. ನನಗ ರೇಟ್ ಹೇಳೋದಂದ್ರ ಮೊದಲಿಂದ ಸಂಕೋಚ. ನಮ್ಮ ಮನ್ಯಾಗ ಕೌದಿ ಮಾರಿದ್ದ ಇಲ್ಲ, ಕೂಸು ಹುಟ್ಟಿದ್ರ ಕೊಡ್ತಿದ್ವಿ, ಮಗಳು ಗಂಡನ ಮನಿಗೆ ಹೊಂಟ್ರ ಕೊಡ್ತಿದ್ವಿ. ಅದಕ್ಕ ಏನಂದೆ? "ಅಯ್ಯ, ಮನ್ಯಾಗಿನ ಹಳೆ ಸೀರಿ, ಅದಕ್ಕೇನು ರೊಕ್ಕ, ನೋಡಿ ಕೊಡವಾ."

ಈ ಒಂದು ಮಾತು. ನಾನ ಆಕಿ ಕೈಯಾಗ ಕೊಟ್ಟೆ.

ಒಂದಕ್ಕ 900ರಂಗ 9 ಕೌದಿ, 8,100 ಆತು. ಮುಂಗಡ 3,000. ಬಿಲ್ಲಿಲ್ಲ, ಚೀಟಿ ಇಲ್ಲ. ಊರ ಕಡೆಯಾಕಿಗೆ ಏನು ಚೀಟಿ ಕೇಳೋದು ಅಂತ.

ಸಂಕ್ರಾಂತಿ ದಾಟಿತು, ರೊಕ್ಕ ಬರಲಿಲ್ಲ. ಹೋದ ಶನಿವಾರ ಮಗನ್ನ ಕರಕೊಂಡು ಅಂಗಡಿಗೇ ಹೋದೆ. ಬಾಗಲಾಗ ಕಾಲಿಟ್ಟೆ, ಎದುರಿನ ಗ್ವಾಡಿ ಮ್ಯಾಲ ನಮ್ಮವ್ವನ ಇಳಕಲ್ ಸೀರಿ! ಕೆಂಪು ಬಿಳಿ ಟೋಪ ತೆನಿ ಸೆರಗು, ನಾನ ಹೊಲಿದ ಕೌದಿ. ಬಲಗಡೆ ಮೂಲ್ಯಾಗ ಬಿಳಿ ನೂಲು ತೀರಿತ್ತು, ಒಂದು ಗೇಣು ಹಳದಿ ನೂಲಿಲೆ ಮುಗಿಸಿದ್ದೆ, ಅದೂ ಹಂಗ ಐತಿ. ಅದಕ್ಕೊಂದು ಕಂದು ಬಣ್ಣದ ಚೀಟಿ ಕಟ್ಯಾಳ. 7,500. ಕೆಳಗ ಇಂಗ್ಲಿಷ್‌ನ್ಯಾಗ ಏನೋ ಇತ್ತು, ಮಗ ಓದಿ ಹೇಳಿದ: ವಿಂಟೇಜ್, ಅಂದ್ರ ಹಳೇ ಕಾಲದ ಬೆಲಿಯುಳ್ಳ ಮಾಲು, 70 ತಾಸಿನ ಕೈಹೊಲಿಗೆ.

70 ತಾಸು! ನಾ ಎಂದೂ ಲೆಕ್ಕ ಇಟ್ಟಾಕಿ ಅಲ್ಲ. ಆಕಿ ಇಟ್ಟಿದ್ಲು. ಚಾ ಕುಡ್ಯಾಕತ್ತಾಗ ಅಷ್ಟು ಕೇಳಿದ್ದು ಇದಕ್ಕ.

ಅಂಗಡ್ಯಾಗ ಗಿರಾಕಿ ಇದ್ರು, ನಾ ಬಾಯಿ ತೆರೀಲಿಲ್ಲ. ಸುಮ್ನ ನನ್ನ ಚಪ್ಪಲಿ ನೋಡಕೋತ ನಿಂತೆ. ಇದು ಭಾಳ ಸುಡ್ತೈತಿ ನನಗ. ಮನಿಗೆ ಬಂದು ವಾಟ್ಸಾಪ್ ಮಾಡಿದೆ. ಉತ್ತರ ಬಂತು:

"ಹಳೆ ಸೀರಿಗೇನು ರೊಕ್ಕ ಅಂತ ನೀವ ಅಂದಿದ್ರಲ್ಲ ಕಾಕು."

ಮ್ಯಾಲ ಮತ್ತೊಂದು: "ಬಾಡಗಿ, ಲೈಟು, ಪ್ಯಾಕಿಂಗು ಎಲ್ಲಾ ನನಗ ಬೀಳ್ತೈತಿ. ಎರಡು ಕೌದಿಗೆ ಕಲಿ ಇತ್ತು, ಅದರದ್ದು 1,800 ಹಿಡಕೊಂಡೀನಿ."

ಕಲಿ! 30 ವರ್ಷ ಉಟ್ಟ ಸೀರಿ ಅದು. ಗಿರಾಕಿಗೆ ಹೇಳೋವಾಗ ವಿಂಟೇಜು, ನನಗ ಕೊಡೋವಾಗ ಕಲಿ. ಹಂಗಾದ್ರ ಆ ಎರಡು ತಿರುಗಿ ಕೊಡು ಅಂದೆ. "ಮಾರಿ ಹೋಗ್ಯಾವ ಕಾಕು." ಕಲಿ ಇದ್ದ ಕೌದಿ ಮಾರಿ ಹೋಗ್ಯಾವಂತ! ಕಡೀಕ 3,300 ಹಾಕಿ, ಕೈ ಮುಗಿಯೋ ಚಿತ್ರ ಕಳಿಸಿದ್ಲು.

ಬಾಡಗಿ ಸುಳ್ಳಲ್ಲ. ಅಂಗಡಿಯವರು ಎರಡು ಪಟ್ಟು, ಎರಡೂವರಿ ಪಟ್ಟು ಹಚ್ಚತಾರ, ಹಚ್ಚಲಿ. ಎಂಟು ಪಟ್ಟು?

ಈಗ ಕುಂತು ಲೆಕ್ಕ ಹಾಕೀನಿ. ಒಂದು ಕೌದಿಗೆ 5 ಸೀರಿ. ಪುಕ್ಕಟೆ ಅಲ್ಲ ಅವು, ಹಳೆ ಅರಿಬಿಗೆ ಬೋಹಾರಿಣ್ ಬಾಗಲಿಗೆ ಬಂದು ಭಾಂಡಿ ಕೊಟ್ಟು ಹೋಗ್ತಾಳ. ರವಿವಾರ ಪೇಠದಿಂದ ತಂದ ನೂಲು 120. ಉಳಿದದ್ದು 780, ಅದನ್ನ 70 ತಾಸಿಗೆ ಹಂಚಿದ್ರ ತಾಸಿಗೆ 11 ರೂಪಾಯಿ ಚಿಲ್ಲರೆ. ಸೀರಿ ಒಗದು ಒಣಗಿಸಿ, ಜೀರ್ಣ ಆದದ್ದು ಕತ್ತರಿಸಿ ತಗದು, ಪದರ ಹಾಸೋ ಎರಡು ದಿನ ಇದರಾಗ ಇಲ್ಲ. ಅಂಚಿನಿಂದ ಸುತ್ತು ಹಾಕಕೋತ ನಡಕ್ಕ ಬರೋದ್ರಾಗ ಬೆರಳ ತುದಿ ದಡ್ಡುಗಟ್ಟಿರ್ತಾವ, ಅದನ್ನ ಯಾವ ಲೆಕ್ಕದಾಗ ಹಿಡೀಲಿ?

ಹೇಳೋದಿಷ್ಟ. ತಾಸು ಬರದಿಡ್ರಿ. ಚೀಟಿ ಇಲ್ಲದ ಒಂದು ಕೌದಿನೂ ಕೊಡಬ್ಯಾಡ್ರಿ, ಊರ ಕಡೆಯವರಿಗಂತೂ ಕೊಡಲೇಬ್ಯಾಡ್ರಿ. ಸಣ್ಣ ಉದ್ಯೋಗ ಮಾಡೋರಿಗೆ ಸರ್ಕಾರದ ಉದ್ಯಮ್ ನೋಂದಣಿ ಅಂತ ಐತಿ, ಪುಕ್ಕಟೆ ಆಗ್ತೈತಿ. ಅದು ಇದ್ರ 2006ರ ಸಣ್ಣ ಉದ್ದಿಮೆ ಕಾಯ್ದೆ ಪ್ರಕಾರ ಮಾಲು ತಗೊಂಡವರು ಹೆಚ್ಚಂದ್ರ 45 ದಿನದೊಳಗ ರೊಕ್ಕ ಕೊಡಬೇಕು, ಇಲ್ಲಂದ್ರ ಬಡ್ಡಿ. ಮಾಲು ಕೊಡೋಕಿಂತ ಮೊದಲ ಮಾಡಿಸಿಟ್ಟಿರಬೇಕಂತ. ನನಗ ಈಗ ತಿಳೀತು, ತಿಳದು ಏನು ಮಾಡ್ಲಿ. ಮತ್ತ "ಅಯ್ಯ, ಹಳೆ ಸೀರಿ" ಅನ್ನೋ ಮಾತು ಬಾಯಿಗೆ ಬಂತಂದ್ರ ನಾಲಿಗಿ ಕಚ್ಚಿ ಹಿಡೀರಿ.

ಇಳಕಲ್ ಸೀರಿ ಕೌದಿ ಇನ್ನೂ ಅಲ್ಲೇ ಗ್ವಾಡಿಗೆ ಐತಿ. ನಿನ್ನೆ ಮನಸ್ಸು ತಡೀಲಾರದ ಫೋನ್ ಹಚ್ಚಿದೆ. ನಿನ್ನ 900 ನಿನಗ ಕೊಡ್ತೀನಿ, ನಮ್ಮವ್ವಂದು ಅದು, ಅದೊಂದು ತಿರುಗಿ ಕೊಟ್ಟುಬಿಡು ಅಂದೆ.

"ನಿಮಗಂದ್ರ 10 ಪರ್ಸೆಂಟ್ ಕಡಿಮಿ ಮಾಡ್ತೀನಿ ಕಾಕು" ಅಂದ್ಲು.