ಮನೆಪ್ರಾರ್ಥನೆಯ ಕೈಪಿಡಿ: ತಪಸ್ಸುಕಾಲಕ್ಕೆ ಗಟ್ಟಿ, ಮಳೆಗಾಲಕ್ಕೆ ಸಪೂರ

ಕಾಸರಗೋಡಿನ ಸಭಾಪಾಲಕರೊಬ್ಬರು ಕ್ರೈಸ್ತ ಆರಾಧನಾ ವರ್ಷದ ಕಾಲಗಳ ಮೇಲೆ ಬರೆದ ಈ ಕೈಪಿಡಿ ಕಷ್ಟದಲ್ಲಿರುವ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಿಂದ, ಈಸ್ಟರ್ ಆಗಿ ಎಂಟು ವಾರಕ್ಕೆ ಬರುವ ತ್ರಯೇಕತ್ವದ ಭಾನುವಾರದವರೆಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಪುಟಗಳು ಹೋಗಿವೆ. ಹಸಿರು ಬಣ್ಣದ ಸಾಧಾರಣ ಕಾಲಕ್ಕೆ, ಅಂದರೆ ಸುಮಾರು ಅರ್ಧ ವರ್ಷಕ್ಕೆ, ಕೊನೆಯ ನಾಲ್ಕಾರು ಪುಟ ಅಷ್ಟೇ.

ಮೊದಲು ಒಳ್ಳೆಯದು. ನೊಂದವರಿಗೆ ‘ಎಲ್ಲ ಸರಿಹೋಗುತ್ತದೆ’ ಎಂದು ಹೇಳಿ ಪುಟ ಮಗುಚುವ ಚಟ ಇವರಿಗಿಲ್ಲ. ಡಿಸೆಂಬರ್ 28, ಹೆರೋದನು ಕೊಲ್ಲಿಸಿದ ಬೇತ್ಲೆಹೇಮಿನ ಮಕ್ಕಳ ಸ್ಮರಣೆಯ ದಿನ. ಕ್ರಿಸ್ಮಸ್ ಸಡಗರದಲ್ಲಿ ಹೆಚ್ಚಿನವರು ಅದನ್ನು ಹಾರಿಸಿಬಿಡುತ್ತಾರೆ. ಇಲ್ಲಿ ಆ ದಿನದ ಪುಟ ನೇರ ಕಾಸರಗೋಡು ಜಿಲ್ಲೆಯ ಎಣ್ಮಕಜೆಗೆ ಹೋಗುತ್ತದೆ: ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ ಎಂಡೋಸಲ್ಫಾನ್, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ ಮೇಲೂ ಮನೆಯೊಳಗೇ ಮಲಗಿರುವ ಮಕ್ಕಳು. ದೇವರು ಹೀಗೇಕೆ ಬಿಟ್ಟನೆಂದು ವಿವರಿಸುವ ಗೋಜಿಗೆ ಹೋಗದೆ, ಮತ್ತಾಯ 2:18 ಓದಿ ಎರಡು ನಿಮಿಷ ಸುಮ್ಮನಿರಿ ಎಂದಷ್ಟೇ ಹೇಳುತ್ತಾರೆ. ಈಸ್ಟರ್ ಹಿಂದಿನ ದಿನವಾದ ಪವಿತ್ರ ಶನಿವಾರಕ್ಕೆ 88ನೇ ಕೀರ್ತನೆ. ಅದು ಕತ್ತಲೆಯಲ್ಲೇ ಮುಗಿಯುವ ಕೀರ್ತನೆ. ಅದರ ಬಾಲಕ್ಕೆ ಸಮಾಧಾನದ ವಾಕ್ಯವೊಂದನ್ನು ಅಂಟಿಸದೆ ಬಿಟ್ಟದ್ದಕ್ಕೇ ಪುಸ್ತಕದ ಬೆಲೆ ಸಂದಂತೆ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಭಾಗ 2020ನ್ನು ಬೆನ್ನೆಲುಬಾಗಿ ಇಟ್ಟುಕೊಂಡಿದೆ. ಲಾಕ್‌ಡೌನ್ ಶುರುವಾದ ಮಾರ್ಚ್ 25, ದೇವದೂತ ಗಬ್ರಿಯೇಲನು ಮರಿಯಳಿಗೆ ವಾರ್ತೆ ತಂದ ಹಬ್ಬದ ದಿನವೂ ಹೌದು. ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಈಚೆಗೇ ಉಳಿದರು. ಏಪ್ರಿಲ್ 12ರ ಈಸ್ಟರ್ ಬಂದಾಗ ದೇವಾಲಯಗಳ ಬಾಗಿಲು ತೆರೆದಿರಲಿಲ್ಲ. ಹಬ್ಬ ನಮ್ಮ ಮನಸ್ಥಿತಿಗೆ ಕಾಯುವುದಿಲ್ಲ, ದುಃಖಕ್ಕೂ ಪಂಚಾಂಗದಲ್ಲಿ ಜಾಗ ಇದೆ ಎಂಬ ಲೇಖಕರ ವಾದ ಗಟ್ಟಿಯಾಗಿ ನಿಲ್ಲುವುದು ಈ ಪುಟಗಳಲ್ಲಿ.

ದಿನಾಂಕ ಹಾಕದೆ ವಾರದ ಹೆಸರಿನಿಂದ ಓದುಗಳನ್ನು ಜೋಡಿಸಿದ್ದು ಜಾಣತನ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಲ್ಲಿ ಬೇಕಾದರೂ ಬೀಳುತ್ತದೆ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ 2027ರಲ್ಲಿ ಫೆಬ್ರವರಿ 10ಕ್ಕೆ, 2028ರಲ್ಲಿ ಮಾರ್ಚ್ 1ಕ್ಕೆ. ಆದರೆ ಆಗಮನದ ನಾಲ್ಕನೇ ವಾರಕ್ಕೂ ಏಳು ಓದು ಕೊಟ್ಟಿರುವುದು ಎಡವಟ್ಟು. ಆ ವಾರ ಏಳು ದಿನ ಇರುವುದು ಕ್ರಿಸ್ಮಸ್ ಭಾನುವಾರ ಬಂದರೆ ಮಾತ್ರ. 2026ರಲ್ಲಿ ಐದೇ ದಿನ. 2028ರಲ್ಲಿ ನಾಲ್ಕನೇ ಭಾನುವಾರವೇ ಡಿಸೆಂಬರ್ 24, ಹಾಗಾಗಿ ಒಂದೇ ದಿನ. ಯಾವ ಓದು ಬಿಡಬಹುದೆಂದು ಗುರುತು ಹಾಕಬೇಕಿತ್ತು. ಲೂಕ 1ರ ಮರಿಯಳ ಹಾಡನ್ನು ಉಳಿಸಿಕೊಂಡು ಬೇರೆಯದನ್ನು ಬಿಡಿ.

ಆಗಮನದ ಮೇಣದಬತ್ತಿ ಚಕ್ರದ ವಿವರಣೆ ಚೆನ್ನಾಗಿದೆ: 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖರ್ನ್ ಬಡ ಮಕ್ಕಳ ಆಶ್ರಯಧಾಮದಲ್ಲಿ ಗಾಡಿಯ ಚಕ್ರದ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣವು ಹಚ್ಚಿಸಿದ್ದು. ಮಾಡುವ ಕ್ರಮ ಮಾತ್ರ ಅರೆಬರೆ. ವಾರಕ್ಕೊಂದು ಬತ್ತಿ ಸೇರಿಸುತ್ತ, ಹಿಂದಿನವನ್ನೂ ಹಚ್ಚುತ್ತ ಹೋಗುವುದು ರೂಢಿ. ದಿನಕ್ಕೆ 15 ನಿಮಿಷ ಉರಿಸಿದರೂ 28 ದಿನದ ಆಗಮನದಲ್ಲಿ ಮೊದಲ ಬತ್ತಿಗೆ ಏಳು ಗಂಟೆಯ ಕೆಲಸ, ಕೊನೆಯದಕ್ಕೆ ಒಂದೂಮುಕ್ಕಾಲು ಗಂಟೆ. ಅಂಗಡಿಯ ಸಪೂರ ಬತ್ತಿ ನಾಲ್ಕು ತಂದರೆ ಮೊದಲನೆಯದು ನಡುವೆಯೇ ಮುಗಿಯುತ್ತದೆ. ಮೊದಲ ಎರಡಕ್ಕೆ ದಪ್ಪದ್ದು ಬೇಕು. ಮಾವಿನ ಸೊಪ್ಪನ್ನು ಬತ್ತಿಯ ಬುಡಕ್ಕೆ ತಾಗಿಸಿ ಕಟ್ಟಬೇಡಿ, ಡಿಸೆಂಬರಿನ ಬಿಸಿಲಿಗೆ ಬೇಗ ಒಣಗಿ ಬೆಂಕಿ ಹಿಡಿಯುತ್ತದೆ. ನೇರಳೆ, ಗುಲಾಬಿ ಬತ್ತಿ ಸಿಗದಿದ್ದರೆ ನಾಲ್ಕೂ ಬಿಳಿಯೇ ಸಾಕು.

ತಿದ್ದಲೇಬೇಕಾದ ತಪ್ಪು ಒಂದಿದೆ. ಬೂದಿ ಬುಧವಾರ ಹಣೆಗಿಡುವ ಬೂದಿಯನ್ನು ನೀರಿನಲ್ಲಿ ಕಲಸಲು ಹೇಳಿದ್ದಾರೆ. ಬೂದಿಗೆ ನೀರು ಸೇರಿದರೆ ಕ್ಷಾರ ಆಗುತ್ತದೆ, ಚರ್ಮ ಉರಿದು ಗಾಯವಾಗುವುದೂ ಉಂಟು. ಕಳೆದ ವರ್ಷದ ಗರಿಗಳ ಭಾನುವಾರದ (ಈಸ್ಟರ್ ಹಿಂದಿನ ಭಾನುವಾರ) ತೆಂಗಿನ ಗರಿ ತೆಗೆದುಕೊಂಡು ಕಡ್ಡಿ ಬಿಡಿಸಿ, ಸಣ್ಣಗೆ ಕತ್ತರಿಸಿ, ಹಳೆಯ ಕಬ್ಬಿಣದ ಬಾಣಲೆಯಲ್ಲಿ ಸುಡಿ. ಕಪ್ಪಿರುವಾಗಲೇ ನಿಲ್ಲಿಸಬೇಕು, ಪೂರ್ತಿ ಬೆಳ್ಳಗಾದರೆ ಹಣೆಯಲ್ಲಿ ಕಾಣುವುದಿಲ್ಲ. ಆರಿದ ಮೇಲೆ ಅರೆದು ತೆಳು ಬಟ್ಟೆಯಲ್ಲಿ ಸೋಸಿ, ಒಂದು ಚಮಚ ಬೂದಿಗೆ ಕೆಲವು ಹನಿ ತೆಂಗಿನೆಣ್ಣೆ ಹಾಕಿದರೆ ಮುಗಿಯಿತು.

ಓದುಗಳು ಕಥೋಲಿಕರ ಮೂರು ವರ್ಷದ ಚಕ್ರವನ್ನೂ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಪಟ್ಟಿಯನ್ನೂ ಅನುಸರಿಸುವುದಿಲ್ಲ. ಭಾನುವಾರದ ಪ್ರಸಂಗಕ್ಕೆ ತಯಾರಿಯೆಂದು ಕೊಳ್ಳಬೇಡಿ.

ಇನ್ನು ಆ ಹಸಿರು ಕಾಲ. ಆಗಮನದ ಪುಟಗಳಲ್ಲಿ ಹಿಮ, ಚಳಿ, ದೀರ್ಘ ಕತ್ತಲೆ ಎಂದೆಲ್ಲ ಬರುತ್ತದೆ. ಅದು ಜರ್ಮನಿಯ ಡಿಸೆಂಬರ್. ನಮ್ಮಲ್ಲಿ ಆಗ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ. ಇಲ್ಲಿ ಕತ್ತಲೆ ಬರುವುದು ಮಳೆಗಾಲದಲ್ಲಿ, ತುಳುವರ ಆಟಿ ತಿಂಗಳಿನ ಆಸುಪಾಸಿನಲ್ಲಿ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಕೇರಳದ ಕಡಲಲ್ಲಿ ಟ್ರಾಲಿಂಗ್ (ಯಂತ್ರದ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ, ಬೋಟು ದಡದಲ್ಲಿ. ತೋಟದಲ್ಲಿ ಅಡಿಕೆಗೆ ಕೊಳೆರೋಗ, ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವುದಿಲ್ಲ. ಕೂಲಿಯಿಲ್ಲದ ಮನೆಯಲ್ಲಿ ಸಾಲ ಏರುವ ತಿಂಗಳುಗಳಿವು. ಎಂಡೋಸಲ್ಫಾನಿನ ಬಗ್ಗೆ ಅಷ್ಟು ಊರಿನ ಕಣ್ಣಿಂದ ಬರೆದವರು ಇದನ್ನು ಹೇಗೆ ಬಿಟ್ಟರೋ. ಮುಂದಿನ ಮುದ್ರಣದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ವಾರಕ್ಕೊಂದಾದರೂ ಪುಟ ಬೇಕು. ಅಲ್ಲಿಯವರೆಗೆ ಹಬಕ್ಕೂಕ 3:17-18, 13ನೇ ಮತ್ತು 130ನೇ ಕೀರ್ತನೆ, ಪ್ರಲಾಪಗಳ ಮೂರನೇ ಅಧ್ಯಾಯ ಇವನ್ನು ಚೀಟಿಯಲ್ಲಿ ಬರೆದು ಕೊನೆಯ ಪುಟಕ್ಕೆ ಸಿಕ್ಕಿಸಿಕೊಳ್ಳಬಹುದು. ಪಿನ್ನು ಹೊಡೆದ ಕಟ್ಟು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ನೂಲು ಹಾಕಿ ಹೊಲಿಸಿಕೊಳ್ಳಿ.